ಪ್ಯೂರಿಟನ್ ಶ್ರದ್ಧೆ: ಮಡಿ, ಮಾತು, ಮನಸ್ಸಾಕ್ಷಿ

1

ಕನ್ನಡ ವಿಮರ್ಶೆಯಲ್ಲಿ 'ಪ್ಯೂರಿಟನ್' ಎಂಬ ಮಾತು ಬಂದಾಗಲೆಲ್ಲ ಅದರ ಬೆನ್ನಿಗೇ 'ಮಡಿವಂತ' ಎಂಬ ಮಾತೂ ಬರುತ್ತದೆ. ಶೃಂಗಾರವನ್ನು ಸಹಿಸದ, ನಗುವನ್ನು ಅನುಮಾನಿಸುವ, ನಾಟಕ ನೃತ್ಯಗಳನ್ನು ಕಂಡರೆ ಮುಖ ತಿರುಗಿಸುವ ಮನೋಧರ್ಮವನ್ನು ಸೂಚಿಸಲು ಈ ಎರಡು ಪದಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸುವ ರೂಢಿ ಬೆಳೆದುಬಂದಿದೆ. ಬೈಗುಳದ ಮಟ್ಟಿಗೆ ಈ ಸಮೀಕರಣ ಸಾಕಾಗುತ್ತದೆ. ಅರ್ಥದ ಮಟ್ಟಿಗೆ ಅದು ದಾರಿ ತಪ್ಪಿಸುತ್ತದೆ. ಮಡಿ ಎಂಬುದು ದೇಹಕ್ಕೆ, ಬಟ್ಟೆಗೆ, ಪಾತ್ರೆಗೆ, ಹೊತ್ತಿಗೆ ಸಂಬಂಧಪಟ್ಟ ಶುದ್ಧಿ. ಅದು ಮುಟ್ಟಿದರೆ ಕೆಡುತ್ತದೆ, ಮಿಂದರೆ ಮರಳುತ್ತದೆ. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರೆಂದು ಹೆಸರಾದವರು ಜಗಳ ತೆಗೆದದ್ದು ಇಂಥ ಶುದ್ಧಿಯ ಕಲ್ಪನೆಯ ಮೇಲೆಯೇ. ಒಂದು ಬಗೆಯ ಬಟ್ಟೆ ತೊಟ್ಟರೆ ಪೂಜೆಗೆ ಅರ್ಹತೆ ಬರುತ್ತದೆ, ಒಂದು ಬಗೆಯಲ್ಲಿ ಕೈಯಾಡಿಸಿದರೆ ನೀರು ಪವಿತ್ರವಾಗುತ್ತದೆ ಎಂಬ ನಂಬಿಕೆಯನ್ನು ದೇವಾಲಯದಿಂದ ಗುಡಿಸಿ ಹಾಕಬೇಕೆಂಬುದು ಅವರ ಹಟವಾಗಿತ್ತು. ಅವರನ್ನು ಮಡಿವಂತರೆನ್ನುವುದು ಅವರ ಎದುರಾಳಿಗಳ ಹೆಸರನ್ನು ಅವರಿಗೇ ಅಂಟಿಸಿದಂತೆ.

'ಪ್ಯೂರಿಟನ್' ಎಂಬುದು ಅವರು ತಾವೇ ಇಟ್ಟುಕೊಂಡ ಹೆಸರಲ್ಲ. 1560ರ ದಶಕದಲ್ಲಿ ವಿರೋಧಿಗಳು ಹಂಗಿಸಲು ಬಳಸಿದ ಮಾತದು. ಅವರು ತಮ್ಮನ್ನು 'ದೈವಭಕ್ತರು' ಎಂದೋ 'ಸಹೋದರರು' ಎಂದೋ ಕರೆದುಕೊಳ್ಳುತ್ತಿದ್ದರು. ಬೈಗುಳವಾಗಿ ಹುಟ್ಟಿದ ಹೆಸರು ಕನ್ನಡಕ್ಕೆ ಬರುವಾಗಲೂ ಬೈಗುಳವಾಗಿಯೇ ಬಂದದ್ದು ಆಶ್ಚರ್ಯದ ಸಂಗತಿಯಲ್ಲ. ಆದರೆ ಇಂಗ್ಲಿಷ್ ಗದ್ಯದ ಒಂದು ದೊಡ್ಡ ಪರಂಪರೆ, ಆ ಭಾಷೆಯ ಮಹಾಕಾವ್ಯಗಳಲ್ಲಿ ಮುಖ್ಯವಾದೊಂದು, ಆತ್ಮಚರಿತ್ರೆಯೆಂಬ ಪ್ರಕಾರದ ಒಂದು ಬೇರು ಇವೆಲ್ಲ ಈ ಜನರ ಶ್ರದ್ಧೆಯಿಂದ ಹುಟ್ಟಿದವು. ಕಲೆಯನ್ನು ಅನುಮಾನಿಸಿದವರಿಂದ ಇಷ್ಟು ಸಾಹಿತ್ಯ ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ 'ಮಡಿವಂತ' ಎಂಬ ಪದದಿಂದ ಉತ್ತರ ದೊರೆಯುವುದಿಲ್ಲ.

2

ಮತಸುಧಾರಣೆಯ ಕಥೆ ತಿಳಿದದ್ದೇ. 1517ರಲ್ಲಿ ವಿಟೆನ್‌ಬರ್ಗಿನ ಪ್ರಾಧ್ಯಾಪಕನೂ ಸನ್ಯಾಸಿಯೂ ಆಗಿದ್ದ ಮಾರ್ಟಿನ್ ಲೂಥರ್, ಪಾಪವಿಮೋಚನೆಯ ಪತ್ರಗಳನ್ನು ಹಣಕ್ಕೆ ಮಾರುತ್ತಿದ್ದುದನ್ನು ಪ್ರಶ್ನಿಸಿ ತೊಂಬತ್ತೈದು ವಾದಸೂತ್ರಗಳನ್ನು ಪ್ರಚುರಪಡಿಸಿದನು. 1522ರಲ್ಲಿ ಅವನ ಜರ್ಮನ್ 'ಹೊಸ ಒಡಂಬಡಿಕೆ'ಯೂ 1534ರಲ್ಲಿ ಸಂಪೂರ್ಣ ಬೈಬಲ್ಲೂ ಹೊರಬಂದವು. ಫ್ರಾನ್ಸಿನಿಂದ ಓಡಿಬಂದ ಜಾನ್ ಕ್ಯಾಲ್ವಿನ್ 1536ರಲ್ಲಿ ತನ್ನ 'ಇನ್‌ಸ್ಟಿಟ್ಯೂಟ್ಸ್' ಗ್ರಂಥದ ಮೊದಲ ರೂಪವನ್ನು ಪ್ರಕಟಿಸಿ, ಮುಂದೆ ಜಿನೀವಾ ನಗರವನ್ನು ಸುಧಾರಣೆಯ ಎರಡನೆಯ ಕೇಂದ್ರವನ್ನಾಗಿ ಮಾಡಿದನು. ಮನುಷ್ಯನ ಉದ್ಧಾರ ಅವನ ಪುಣ್ಯಕಾರ್ಯಗಳಿಂದ ಆಗುವುದಿಲ್ಲ, ದೇವರ ಕೃಪೆಯಿಂದ ಮಾತ್ರ. ಯಾರು ಆ ಕೃಪೆಗೆ ಪಾತ್ರರೆಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆ ಎಂಬುದು ಕ್ಯಾಲ್ವಿನ್ನನ ಬೋಧೆ.

ಇಂಗ್ಲೆಂಡಿನಲ್ಲಿ ಸುಧಾರಣೆ ಬಂದ ರೀತಿ ಬೇರೆ. ಅಲ್ಲಿ ಅದು ಅರಸನ ವಿವಾಹ ವಿಚ್ಛೇದನದ ಬಾಗಿಲಿನಿಂದ ಒಳಬಂದಿತು. 1534ರಲ್ಲಿ ಎಂಟನೆಯ ಹೆನ್ರಿ ಪೋಪನ ಅಧಿಕಾರವನ್ನು ತಳ್ಳಿಹಾಕಿ ತಾನೇ ಇಂಗ್ಲೆಂಡಿನ ಚರ್ಚಿಗೆ ಒಡೆಯನಾದನು. ಮಠಗಳ ಆಸ್ತಿ ಅರಮನೆಗೆ ಸೇರಿತು, ಆದರೆ ಪೂಜೆಯ ವಿಧಾನ ಹೆಚ್ಚು ಬದಲಾಗಲಿಲ್ಲ. ಆರನೆಯ ಎಡ್ವರ್ಡನ ಕಾಲದಲ್ಲಿ ಸುಧಾರಣೆ ಮುಂದಕ್ಕೆ ಹೋಯಿತು, 1553ರಿಂದ 1558ರವರೆಗೆ ಆಳಿದ ಮೇರಿಯ ಕಾಲದಲ್ಲಿ ಹಿಂದಕ್ಕೆ ತಿರುಗಿತು. ಆ ಐದು ವರ್ಷಗಳಲ್ಲಿ ಮುನ್ನೂರಕ್ಕೆ ಸಮೀಪದ ಜನ ಸಜೀವವಾಗಿ ಸುಡಲ್ಪಟ್ಟರು. ನೂರಾರು ಜನ ಜಿನೀವಾ, ಫ್ರಾಂಕ್‌ಫರ್ಟ್, ಜೂರಿಕ್‌ಗಳಿಗೆ ವಲಸೆ ಹೋದರು. ಮೇರಿಯ ಮರಣದ ನಂತರ ಅವರು ಹಿಂತಿರುಗಿದಾಗ ರಾಣಿ ಎಲಿಜಬೆತ್ 1559ರ ಕಾಯಿದೆಯ ಮೂಲಕ ಒಂದು ನಡುದಾರಿಯನ್ನು ಹಾಕಿಟ್ಟಿದ್ದಳು: ಬೋಧೆ ಬಹುಮಟ್ಟಿಗೆ ಕ್ಯಾಲ್ವಿನ್ನನದು, ವೇಷಭೂಷಣ ಬಹುಮಟ್ಟಿಗೆ ರೋಮಿನದು. ಜಿನೀವಾದ ಬರಿಗೋಡೆಯ ಪ್ರಾರ್ಥನಾಮಂದಿರವನ್ನು ಕಂಡುಬಂದವರಿಗೆ ಇದು ಅರ್ಧಕ್ಕೆ ನಿಂತ ಸುಧಾರಣೆಯಾಗಿ ತೋರಿತು.

ಜಗಳ ಹತ್ತಿಕೊಂಡದ್ದು ಒಂದು ಬಟ್ಟೆಯ ಮೇಲೆ. ಸರ್ಪ್ಲಿಸ್ ಎಂಬ ಬಿಳಿಯ ನಿಲುವಂಗಿಯನ್ನು ಪಾದ್ರಿಗಳು ತೊಡಲೇಬೇಕೆಂದು ಆಜ್ಞೆಯಾಯಿತು. 1566ರಲ್ಲಿ ಲಂಡನ್ನಿನ 37 ಮಂದಿ ಪಾದ್ರಿಗಳು ಅದಕ್ಕೆ ಒಪ್ಪದೆ ಅಮಾನತಾದರು. ಒಂದು ಅಂಗಿಗಾಗಿ ಜೀವನೋಪಾಯವನ್ನು ಕಳೆದುಕೊಳ್ಳುವುದು ಹೊರಗಿನವರಿಗೆ ಹುಚ್ಚಾಗಿ ಕಾಣಬಹುದು. ಅವರಿಗೆ ಅದು ಅಂಗಿಯ ಪ್ರಶ್ನೆಯಾಗಿರಲಿಲ್ಲ. ಆ ಬಟ್ಟೆ ತೊಟ್ಟವನು ಉಳಿದ ಭಕ್ತರಿಗಿಂತ ಬೇರೆಯಾದ ಜಾತಿಯವನು, ದೇವರಿಗೂ ಜನರಿಗೂ ನಡುವೆ ನಿಂತವನು ಎಂಬ ಅರ್ಥ ಅದರಲ್ಲಿ ನೇಯ್ದುಕೊಂಡಿತ್ತು. 1603ರಲ್ಲಿ ಜೇಮ್ಸ್ ಅರಸನಾಗಿ ಬಂದಾಗ ಅವನಿಗೆ ಸಲ್ಲಿಸಿದ 'ಸಹಸ್ರರ ಮನವಿ'ಯಲ್ಲಿಯೂ ಬೇಡಿಕೆಗಳು ಇಂಥವೇ: ಶಿಶುವಿನ ದೀಕ್ಷಾಸ್ನಾನದಲ್ಲಿ ಶಿಲುಬೆಯ ಗುರುತು ಹಾಕುವುದು ಬೇಡ, ಮದುವೆಯಲ್ಲಿ ಉಂಗುರ ಕಡ್ಡಾಯವಾಗುವುದು ಬೇಡ, ನಿಲುವಂಗಿಗೆ ಒತ್ತಾಯ ಬೇಡ, ಉಪದೇಶ ಮಾಡಬಲ್ಲ ಪಾದ್ರಿಗಳು ಬೇಕು. ಕೊನೆಯದು ಎಲ್ಲಕ್ಕಿಂತ ದೊಡ್ಡ ಬೇಡಿಕೆ. ಚಿಹ್ನೆ ಬೇಡ, ಮಾತು ಬೇಕು ಎಂಬಲ್ಲಿಗೆ ಪ್ಯೂರಿಟನ್ನರ ವಾದವೆಲ್ಲ ಬಂದು ನಿಲ್ಲುತ್ತದೆ.

3

ಆ ಮಾತು ಯಾವ ಮಾತು? ಈ ಪ್ರಶ್ನೆಯನ್ನು ಅರಿಯಲು ಪ್ಯೂರಿಟನ್ನರಿಗಿಂತ ಒಂದು ತಲೆಮಾರು ಹಿಂದಿನ ವಿಲಿಯಂ ಟಿಂಡೇಲನನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಅನುಮತಿ ಸಿಗದೆ ಅವನು ಹೊರದೇಶಕ್ಕೆ ಹೋಗಿ, ಗ್ರೀಕ್ ಮೂಲದಿಂದ ಅನುವಾದಿಸಿದ 'ಹೊಸ ಒಡಂಬಡಿಕೆ'ಯನ್ನು 1526ರಲ್ಲಿ ವರ್ಮ್ಸ್ ಪಟ್ಟಣದಲ್ಲಿ ಅಚ್ಚು ಮಾಡಿಸಿದನು. ಪ್ರತಿಗಳು ಸರಕಿನ ಮೂಟೆಗಳೊಳಗೆ ಅಡಗಿ ಇಂಗ್ಲೆಂಡಿಗೆ ಬಂದವು. ಸಿಕ್ಕಿದಷ್ಟನ್ನು ಬಿಷಪ್ಪರು ಸುಟ್ಟರು. 1536ರಲ್ಲಿ ಬ್ರಸೆಲ್ಸ್ ಬಳಿ ಟಿಂಡೇಲನನ್ನು ಕತ್ತು ಹಿಸುಕಿ ಕೊಂದು ಸುಡಲಾಯಿತು.

ಅವನ ಮೇಲಿದ್ದ ಆಕ್ಷೇಪಣೆಗಳಲ್ಲಿ ಕೆಲವು ಶಬ್ದಗಳ ವಿಷಯ ಭಾಷೆಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದದ್ದು. ಗ್ರೀಕಿನ 'ಎಕ್ಲೇಸಿಯ' ಎಂಬ ಶಬ್ದಕ್ಕೆ ಅವನು 'ಚರ್ಚ್' ಎನ್ನದೆ 'ಕಾಂಗ್ರಿಗೇಷನ್' ಎಂದನು, ಎಂದರೆ ಕೂಡಿದ ಜನ. 'ಪ್ರೆಸ್ಬುಟೆರೋಸ್' ಎಂಬುದಕ್ಕೆ 'ಪ್ರೀಸ್ಟ್' ಎನ್ನದೆ 'ಎಲ್ಡರ್' ಎಂದನು, ಎಂದರೆ ಹಿರಿಯ. 'ಅಗಾಪೆ' ಎಂಬುದಕ್ಕೆ 'ಚಾರಿಟಿ'ಯ ಬದಲು 'ಲವ್' ಎಂದನು. ಪ್ರಾಯಶ್ಚಿತ್ತ ಮಾಡಿಕೊಳ್ಳಿ ಎಂದು ಓದಿಕೊಂಡು ಬಂದಿದ್ದ ಕಡೆ ಪಶ್ಚಾತ್ತಾಪಪಡಿರಿ ಎಂದನು. ಮೇಲುನೋಟಕ್ಕೆ ನಾಲ್ಕು ಪರ್ಯಾಯ ಪದಗಳು. ಆದರೆ ಕೂಡಿದ ಜನವೇ ಚರ್ಚಾದರೆ ಪೋಪನ ಪೀಠಕ್ಕೆ ನೆಲೆ ಎಲ್ಲಿ? ಹಿರಿಯನೇ ಸಾಕಾದರೆ ಪುರೋಹಿತನೇಕೆ? ಪ್ರೀತಿಯೇ ಧರ್ಮವಾದರೆ ದಾನದಿಂದ ಪುಣ್ಯ ಗಳಿಸುವ ಮಾರ್ಗವೇನಾಯಿತು? ಪಶ್ಚಾತ್ತಾಪ ಮನಸ್ಸಿನೊಳಗಿನ ಕ್ರಿಯೆಯಾದರೆ ವಿಧಿಸಿದ ಪ್ರಾಯಶ್ಚಿತ್ತ, ಅದಕ್ಕೆ ಕಟ್ಟಿದ ದಕ್ಷಿಣೆ ಎಲ್ಲವೂ ಉದುರಿಹೋಗುತ್ತವೆ. ಸರ್ ಥಾಮಸ್ ಮೋರ್ ಇದನ್ನು ಕೂಡಲೇ ಕಂಡುಕೊಂಡು ಟಿಂಡೇಲನ ವಿರುದ್ಧ ದೊಡ್ಡ ದೊಡ್ಡ ಗ್ರಂಥಗಳನ್ನು ಬರೆದನು. ಒಂದು ವ್ಯವಸ್ಥೆಯ ಅಡಿಪಾಯವನ್ನು ನಿಘಂಟಿನಿಂದ ಅಲುಗಾಡಿಸಿದ ಇಂಥ ಉದಾಹರಣೆ ಅನುವಾದದ ಇತಿಹಾಸದಲ್ಲಿ ಅಪರೂಪ. ಮೋರ್ ಅನ್ಯಾಯವಾಗಿ ಕೂಗಾಡಿದನೆಂದು ಭಾವಿಸುವ ಕಾರಣವಿಲ್ಲ. ಟಿಂಡೇಲನ ಓದುಗರಲ್ಲಿ ಅವನಷ್ಟು ಸೂಕ್ಷ್ಮವಾಗಿ ಓದಿದವರು ಬಹಳ ಇರಲಿಲ್ಲ.

ಪ್ಯೂರಿಟನ್ನರ ಮನೆಗಳಲ್ಲಿ ಓದಿದ ಬೈಬಲ್ಲು ಮುಖ್ಯವಾಗಿ 1560ರ ಜಿನೀವಾ ಬೈಬಲ್ಲು. ಅಧ್ಯಾಯದೊಳಗೆ ವಾಕ್ಯಗಳಿಗೆ ಸಂಖ್ಯೆ ಹಾಕಿದ ಮೊದಲ ಸಂಪೂರ್ಣ ಇಂಗ್ಲಿಷ್ ಬೈಬಲ್ ಅದು. ಕೈಯಲ್ಲಿ ಹಿಡಿಯುವ ಗಾತ್ರದ್ದು, ಅಂಚಿನಲ್ಲಿ ಟಿಪ್ಪಣಿಗಳುಳ್ಳದ್ದು. ಫರೋಹನ ಆಜ್ಞೆಯನ್ನು ಮೀರಿ ಹೀಬ್ರೂ ಶಿಶುಗಳನ್ನು ಉಳಿಸಿದ ಸೂಲಗಿತ್ತಿಯರ ಅವಿಧೇಯತೆ ನ್ಯಾಯವಾದದ್ದೆಂದು ಅದರ ಒಂದು ಟಿಪ್ಪಣಿ ಹೇಳುತ್ತಿತ್ತು. ಅರಸ ಜೇಮ್ಸನಿಗೆ ಇದು ರಾಜದ್ರೋಹವಾಗಿ ಕಂಡಿತು. 1604ರ ಹ್ಯಾಂಪ್ಟನ್ ಕೋರ್ಟ್ ಸಮಾವೇಶದಲ್ಲಿ ಹೊಸ ಅನುವಾದದ ಸೂಚನೆ ಬಂದಾಗ ಅವನು ಸಂತೋಷದಿಂದ ಒಪ್ಪಿದ್ದಕ್ಕೆ ಇದೂ ಒಂದು ಕಾರಣ. ಆ ಸೂಚನೆ ಮಾಡಿದವನು ಪ್ಯೂರಿಟನ್ ಪಕ್ಷದ ಜಾನ್ ರೇನಾಲ್ಡ್ಸ್ ಎಂಬುದು ಇತಿಹಾಸದ ಒಂದು ತಮಾಷೆ. 1611ರಲ್ಲಿ ಹೊರಬಂದ ಆ ಅನುವಾದ ಟಿಂಡೇಲನ ವಾಕ್ಯಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಆದರೆ ಹಳೆಯ ಚರ್ಚಿನ ಮಾತುಗಳನ್ನು ಬಿಡಕೂಡದೆಂಬ ಅಪ್ಪಣೆ ಇದ್ದುದರಿಂದ 'ಕಾಂಗ್ರಿಗೇಷನ್' ಹೋಗಿ 'ಚರ್ಚ್' ಮರಳಿತು.

ಮೂಲಗ್ರಂಥ ಎಲ್ಲರ ಕೈಗೆ ಬಂದಮೇಲೆ ಅದನ್ನು ವಿವರಿಸುವ ಮಾತು ಹೇಗಿರಬೇಕು ಎಂಬ ಪ್ರಶ್ನೆ ಎದ್ದಿತು. ಕೇಂಬ್ರಿಜಿನ ವಿಲಿಯಂ ಪರ್ಕಿನ್ಸ್ 1592ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಉಪದೇಶಕಲೆಯ ಗ್ರಂಥ ಇದಕ್ಕೆ ಉತ್ತರ. ಉಪದೇಶಕನು ಸಿದ್ಧತೆಯಲ್ಲಿ ಎಷ್ಟು ಪಾಂಡಿತ್ಯವನ್ನಾದರೂ ಬಳಸಲಿ, ವೇದಿಕೆಯ ಮೇಲೆ ಅದನ್ನು ಮರೆಮಾಡಬೇಕು. ಗ್ರೀಕ್ ಲ್ಯಾಟಿನ್ ಉದ್ಧರಣೆಗಳ ಮಳೆ ಸುರಿಸಬಾರದು. ಕೇಳುವವನ ಗಮನ ಮಾತಾಡುವವನ ಕಡೆಗೆ ತಿರುಗಿದರೆ ಉಪದೇಶ ಕೆಟ್ಟಿತು. ಇದನ್ನೇ ಪ್ಯೂರಿಟನ್ನರ 'ಸರಳ ಶೈಲಿ' ಎಂದು ಕರೆಯುತ್ತಾರೆ. ಇದು ಬರವಣಿಗೆ ಬಾರದವರ ಸರಳತೆಯಲ್ಲ, ಬಲ್ಲವರು ಬಿಟ್ಟುಕೊಟ್ಟ ಅಲಂಕಾರ. ನಿಲುವಂಗಿಯನ್ನು ಕಳಚಿದ ಕೈಯೇ ವಾಕ್ಯದ ಮೇಲಿನ ಕುಚ್ಚುಗಳನ್ನೂ ಕಿತ್ತಿತು.

ಇಲ್ಲಿ ಕನ್ನಡ ಓದುಗರಿಗೆ ಹನ್ನೆರಡನೆಯ ಶತಮಾನ ನೆನಪಾಗುವುದು ಸಹಜ. ಬಸವಣ್ಣನನ್ನು ಲೂಥರನಿಗೆ ಹೋಲಿಸುವ ಪದ್ಧತಿ ಹಳೆಯದು. ಪುರೋಹಿತಶಾಹಿಯ ವಿರೋಧ, ಆಡುಮಾತಿನ ಆಯ್ಕೆ, ಕಾಯಕಕ್ಕೆ ಸಂದ ಗೌರವ ಇವು ಹೋಲಿಕೆಗೆ ಎಡೆಮಾಡಿಕೊಡುತ್ತವೆ. ಆದರೆ ಬುಡದಲ್ಲಿಯೇ ಒಂದು ವ್ಯತ್ಯಾಸವಿದೆ. ವಚನಕಾರರು ಗ್ರಂಥದ ಪ್ರಾಮಾಣ್ಯವನ್ನು ಪ್ರಶ್ನಿಸಿ ಅನುಭಾವವನ್ನು ಪ್ರಮಾಣವಾಗಿ ಹಿಡಿದರು. ಯೂರೋಪಿನ ಸುಧಾರಕರು ಪೀಠದ ಪ್ರಾಮಾಣ್ಯವನ್ನು ತೆಗೆದು ಆ ಜಾಗದಲ್ಲಿ ಗ್ರಂಥವನ್ನು ಕೂರಿಸಿದರು. ಗ್ರಂಥವನ್ನು ನೆಚ್ಚಿದ ಸಮಾಜದಲ್ಲಿ ಅನುಭಾವ ತಲೆಯೆತ್ತಿದರೆ ಏನಾಗುತ್ತದೆ ಎಂಬುದಕ್ಕೆ ಮುಂದೆ ಅಮೆರಿಕದಲ್ಲಿ ಒಂದು ದೃಷ್ಟಾಂತ ದೊರೆಯಿತು.

4

ನಾಟಕದ ವಿಷಯಕ್ಕೆ ಬಂದರೆ ಪ್ಯೂರಿಟನ್ನರ ಮೇಲಿನ ಆರೋಪ ಸುಳ್ಳಲ್ಲ. ವಿಲಿಯಂ ಪ್ರಿನ್ ಎಂಬ ವಕೀಲ ನಾಟಕಗಳನ್ನು ಖಂಡಿಸಿ ಸಾವಿರ ಪುಟ ಮೀರಿದ ಗ್ರಂಥವನ್ನೇ ಬರೆದನು. ಅದರಲ್ಲಿ ನಟಿಯರ ಮೇಲಿದ್ದ ಮಾತು ರಾಣಿಯನ್ನು ಕುರಿತದ್ದೆಂದು ಅರ್ಥಮಾಡಿ 1634ರಲ್ಲಿ ಅವನ ಕಿವಿಗಳನ್ನು ಕತ್ತರಿಸಿದರು. 1642ರ ಸೆಪ್ಟೆಂಬರ್‌ನಲ್ಲಿ, ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ಆರಂಭವಾದಾಗ, ಪಾರ್ಲಿಮೆಂಟು ರಂಗಮಂದಿರಗಳನ್ನು ಮುಚ್ಚಿಸಿತು. ಹದಿನೆಂಟು ವರ್ಷ ಅವು ಅಧಿಕೃತವಾಗಿ ತೆರೆಯಲಿಲ್ಲ. ಷೇಕ್ಸ್‌ಪಿಯರ್ ಬೆಳೆದ ಪರಂಪರೆಯೊಂದು ಹಾಗೆ ತುಂಡಾಯಿತು. ಇದಕ್ಕೆ ಸಮರ್ಥನೆ ಹುಡುಕುವುದು ವ್ಯರ್ಥ.

ನಾಟಕಕಾರರೂ ಸುಮ್ಮನಿರಲಿಲ್ಲ. ಷೇಕ್ಸ್‌ಪಿಯರ್‌ನ 'ಟ್ವೆಲ್ಫ್ತ್ ನೈಟ್' ನಾಟಕದ ಮಾಲ್ವೋಲಿಯೋನನ್ನು ಒಂದು ಪಾತ್ರ ಪ್ಯೂರಿಟನ್ ಬಗೆಯವನೆಂದು ಹಂಗಿಸುತ್ತದೆ. ಬೆನ್ ಜಾನ್ಸನ್ 1614ರ 'ಬಾರ್ಥಲೋಮ್ಯೂ ಫೇರ್' ನಾಟಕದಲ್ಲಿ ಬಿಜಿ ಎಂಬ ಪ್ಯೂರಿಟನ್ನನನ್ನು ಜಾತ್ರೆಗೆ ಕರೆತಂದು, ಹಂದಿಮಾಂಸವನ್ನು ಹೊಟ್ಟೆತುಂಬ ತಿನ್ನಿಸಿ, ಕೊನೆಗೆ ಒಂದು ಸೂತ್ರದ ಬೊಂಬೆಯೊಡನೆ ವಾದಕ್ಕೆ ನಿಲ್ಲಿಸುತ್ತಾನೆ. ಗಂಡಸರು ಹೆಣ್ಣಿನ ವೇಷ ಹಾಕುವುದು ಶಾಸ್ತ್ರವಿರುದ್ಧವೆಂದು ಅವನು ಗದರಿದಾಗ ಬೊಂಬೆ ತನ್ನ ಬಟ್ಟೆಯನ್ನೆತ್ತಿ ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದು ತೋರಿಸುತ್ತದೆ. ಬಿಜಿ ಸೋಲುತ್ತಾನೆ. ಜಗತ್ತು ಇಂದಿಗೂ ಪ್ಯೂರಿಟನ್ನನನ್ನು ನೋಡುವುದು ಬಹುಮಟ್ಟಿಗೆ ಜಾನ್ಸನ್ನನ ಕಣ್ಣಿನಿಂದ. ಗೆದ್ದವರು ಇತಿಹಾಸ ಬರೆಯುತ್ತಾರೆನ್ನುವುದುಂಟು, ಇಲ್ಲಿ ನಗಿಸಿದವರು ಬರೆದರು.

ಆದರೆ ಚಿತ್ರ ಅಷ್ಟು ಸರಳವಲ್ಲ. ಮಿಲ್ಟನ್ 1634ರಲ್ಲಿ ಲಡ್ಲೋ ಕೋಟೆಯಲ್ಲಿ ಆಡಲೆಂದು 'ಕೋಮಸ್' ಎಂಬ ಗೀತನೃತ್ಯರೂಪಕವನ್ನು ಬರೆದುಕೊಟ್ಟನು. ಇಂಗ್ಲೆಂಡಿನ ಮೊದಲ ಆಪೆರಾ ಎನ್ನಿಸಿಕೊಂಡ ಡಾವನೆಂಟನ 'ದಿ ಸೀಜ್ ಆಫ್ ರೋಡ್ಸ್' 1656ರಲ್ಲಿ ಪ್ರದರ್ಶಿತವಾದದ್ದು ಕ್ರಾಮ್‌ವೆಲ್ಲನ ಆಳ್ವಿಕೆಯಲ್ಲಿಯೇ. ಪ್ಯೂರಿಟನ್ನರು ಸಂಗೀತದ ವೈರಿಗಳಲ್ಲ, ಪೂಜೆಯೊಳಗಿನ ಆರ್ಗನ್ನಿನ ವೈರಿಗಳು. ಶೃಂಗಾರದ ವಿಷಯದಲ್ಲಿಯೂ ಹೀಗೆಯೇ. ಬ್ರಹ್ಮಚರ್ಯವೇ ಶ್ರೇಷ್ಠವೆಂಬ ಹಳೆಯ ನಿಲುವನ್ನು ತಳ್ಳಿದವರು ಅವರು. ದಾಂಪತ್ಯಪ್ರೇಮವನ್ನು ಉಪದೇಶಗಳಲ್ಲಿ ಕೊಂಡಾಡಿದರು. 'ಪ್ಯಾರಡೈಸ್ ಲಾಸ್ಟ್' ಕಾವ್ಯದ ನಾಲ್ಕನೆಯ ಸರ್ಗದಲ್ಲಿ, ಪತನಕ್ಕೆ ಮುಂಚಿನ ಏದನ್ ತೋಟದಲ್ಲಿಯೇ ಆದಾಮ ಹವ್ವರ ದೈಹಿಕ ಸಮಾಗಮವನ್ನು ಮಿಲ್ಟನ್ ವರ್ಣಿಸುತ್ತಾನೆ. ಅದನ್ನು ಅಶುದ್ಧವೆನ್ನುವವರನ್ನು ಕಪಟಿಗಳೆಂದು ಜರೆಯುತ್ತಾನೆ. ಮಡಿವಂತನೊಬ್ಬ ಬರೆಯಬಹುದಾದ ಭಾಗವಲ್ಲ ಅದು.

5

ಪ್ಯೂರಿಟನ್ ಶ್ರದ್ಧೆಯ ತಿರುಳು ಇರುವುದು ನಿಷೇಧಗಳಲ್ಲಲ್ಲ, ಒಂದು ಭಯದಲ್ಲಿ. ಉದ್ಧಾರ ಮೊದಲೇ ನಿಶ್ಚಯವಾಗಿದೆ. ಪುಣ್ಯಕಾರ್ಯದಿಂದ ಅದು ದೊರೆಯುವುದಿಲ್ಲ. ಪಾಪವನ್ನು ಕೇಳಿ ಕ್ಷಮಿಸುವ ಪುರೋಹಿತನನ್ನು ತೆಗೆದುಹಾಕಿಯಾಯಿತು. ಹಾಗಾದರೆ ತಾನು ಕೃಪೆಗೆ ಪಾತ್ರನೋ ಅಲ್ಲವೋ ಎಂಬುದನ್ನು ಮನುಷ್ಯ ತಿಳಿಯುವುದು ಹೇಗೆ? ತನ್ನ ಮನಸ್ಸನ್ನೇ ದಿನದಿನವೂ ಶೋಧಿಸಿ ಅಲ್ಲಿ ಕೃಪೆಯ ಗುರುತುಗಳನ್ನು ಹುಡುಕಬೇಕು. ಪಾದ್ರಿಯ ಕಿವಿಯಲ್ಲಿ ಹೇಳುತ್ತಿದ್ದುದನ್ನು ಕಾಗದದ ಮೇಲೆ ಬರೆಯತೊಡಗಿದರು. ದಿನಚರಿಗಳು ಹುಟ್ಟಿದವು. ಅಂಗಡಿಯ ಲೆಕ್ಕದ ಪುಸ್ತಕದಂತೆ ಒಂದು ಕಡೆ ದೇವರು ಕೊಟ್ಟದ್ದು, ಇನ್ನೊಂದು ಕಡೆ ತಾನು ತಪ್ಪಿದ್ದು. ಭಿನ್ನಮತೀಯರ ಕುಟುಂಬದಲ್ಲಿ ಹುಟ್ಟಿ ಅವರ ವಿದ್ಯಾಲಯದಲ್ಲಿಯೇ ಓದಿದ ಡೇನಿಯಲ್ ಡಿಫೋ, 1719ರಲ್ಲಿ ತನ್ನ ರಾಬಿನ್ಸನ್ ಕ್ರೂಸೋನನ್ನು ದ್ವೀಪದಲ್ಲಿ ಒಂಟಿಯಾಗಿ ಕೂರಿಸಿ ಕೆಡುಕು ಒಳಿತುಗಳನ್ನು ಎರಡು ಅಂಕಣಗಳಲ್ಲಿ ಬರೆಯಿಸಿದಾಗ, ಈ ಅಭ್ಯಾಸ ಕಾದಂಬರಿಯೊಳಕ್ಕೆ ಕಾಲಿಟ್ಟಿತು. ಮ್ಯಾಕ್ಸ್ ವೆಬರ್ 1904-05ರಲ್ಲಿ ಇದೇ ಲೆಕ್ಕದ ಬುದ್ಧಿಯಲ್ಲಿ ಬಂಡವಾಳಶಾಹಿಯ ಮನೋಧರ್ಮವನ್ನು ಕಂಡನು. ಅದು ಬೇರೆಯೇ ಚರ್ಚೆ. ಸಾಹಿತ್ಯದ ವಿದ್ಯಾರ್ಥಿಗೆ ಮುಖ್ಯವಾದದ್ದು ಸಾಮಾನ್ಯ ಮನುಷ್ಯನ ಅಂತರಂಗ ಬರೆಯಲು ಯೋಗ್ಯವಾದ ವಸ್ತುವೆಂದು ಸ್ಥಾಪಿತವಾದದ್ದು.

ಈ ಆತ್ಮಶೋಧನೆ ಇನ್ನೊಬ್ಬರ ಆತ್ಮದ ಶೋಧನೆಯಾದಾಗ ಭಯಂಕರವಾಯಿತು. 1620ರಲ್ಲಿ 'ಮೇಫ್ಲವರ್' ಹಡಗಿನಲ್ಲಿ ನೂರೆರಡು ಮಂದಿ, 1630ರಿಂದ ಸಾವಿರಾರು ಮಂದಿ ಅಮೆರಿಕದ ಪೂರ್ವ ತೀರಕ್ಕೆ ಹೋಗಿ ನೆಲೆಸಿದರು. ಅವರು 1636ರಲ್ಲಿಯೇ ಹಾರ್ವರ್ಡ್ ಕಾಲೇಜನ್ನು ಸ್ಥಾಪಿಸಿದರು, 1640ರಲ್ಲಿ ಕೀರ್ತನೆಗಳ ಪುಸ್ತಕವನ್ನು ಅಚ್ಚುಮಾಡಿದರು. ಅದೇ ಜನ 1637ರಲ್ಲಿ ಆನ್ ಹಚಿನ್ಸನ್ ಎಂಬ ಮಹಿಳೆಯನ್ನು ವಿಚಾರಣೆಗೆ ನಿಲ್ಲಿಸಿದರು. ಅವಳು ಮನೆಯಲ್ಲಿ ಹೆಂಗಸರನ್ನೂ ಬರಬರುತ್ತ ಗಂಡಸರನ್ನೂ ಸೇರಿಸಿ ಪಾದ್ರಿಗಳ ಉಪದೇಶಗಳನ್ನು ವಿಮರ್ಶಿಸುತ್ತಿದ್ದಳು. ನ್ಯಾಯಾಲಯದ ಪ್ರಶ್ನೆಗಳಿಗೆಲ್ಲ ಬೈಬಲ್ಲಿನ ವಾಕ್ಯಗಳಿಂದಲೇ ಉತ್ತರಿಸಿದಳು. ಅಲ್ಲಿಯವರೆಗೆ ಅವಳನ್ನು ಹಿಡಿಯಲು ಅವರಿಗಾಗಲಿಲ್ಲ. ದೇವರು ತನ್ನ ಆತ್ಮಕ್ಕೆ ನೇರವಾಗಿ ತಿಳಿಸಿದ್ದಾನೆ ಎಂದ ಕ್ಷಣದಲ್ಲಿ ಸಿಕ್ಕಿಬಿದ್ದಳು. ಗ್ರಂಥವನ್ನು ಎಲ್ಲರ ಕೈಗಿತ್ತವರು, ಗ್ರಂಥವನ್ನು ದಾಟಿ ಬಂದ ಅನುಭಾವವನ್ನು ತಾಳಲಾರದೆ ಅವಳನ್ನು ಗಡಿಪಾರು ಮಾಡಿದರು. 'ಶೂನ್ಯಸಂಪಾದನೆ'ಯಲ್ಲಿ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕಠಿಣವಾಗಿ ಪರೀಕ್ಷಿಸುವ ಪ್ರಸಂಗವನ್ನು ಬಲ್ಲವರು ಈ ವಿಚಾರಣೆಯ ದಾಖಲೆಯನ್ನು ಓದಬೇಕು. ಅಲ್ಲಿ ಪ್ರಶ್ನಿಸಿದವನೇ ಕೊನೆಗೆ ಅವಳ ನಿಲವಿಗೆ ತಲೆಬಾಗುತ್ತಾನೆ. ಒಂದು ಭಕ್ತರ ಕಾವ್ಯಕಲ್ಪನೆ, ಇನ್ನೊಂದು ನ್ಯಾಯಾಲಯದ ವರದಿ ಎಂಬ ವ್ಯತ್ಯಾಸವನ್ನು ಮಾತ್ರ ಮರೆಯಬಾರದು.

1659ರಿಂದ 1661ರೊಳಗೆ ಬಾಸ್ಟನ್ನಿನಲ್ಲಿ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿದರು. 1692ರಲ್ಲಿ ಸೇಲಂ ಊರಿನ ಮಾಟಗಾತಿಯರ ವಿಚಾರಣೆಯಲ್ಲಿ ಹತ್ತೊಂಬತ್ತು ಮಂದಿ ನೇಣಿಗೆ ಹೋದರು, ಒಬ್ಬ ವೃದ್ಧನನ್ನು ಕಲ್ಲು ಹೇರಿ ಕೊಂದರು. ಆದರೆ ತೀರ್ಪು ಕೊಟ್ಟ ನ್ಯಾಯಾಧೀಶರಲ್ಲೊಬ್ಬನಾದ ಸ್ಯಾಮ್ಯುಯಲ್ ಸ್ಯೂಅಲ್ 1697ರಲ್ಲಿ ತುಂಬಿದ ಪ್ರಾರ್ಥನಾಮಂದಿರದಲ್ಲಿ ಎದ್ದುನಿಂತನು. ತನ್ನ ತಪ್ಪೊಪ್ಪಿಗೆಯ ಚೀಟಿಯನ್ನು ಪಾದ್ರಿ ಓದಿ ಮುಗಿಸುವವರೆಗೂ ಹಾಗೆಯೇ ನಿಂತಿದ್ದು ಆಮೇಲೆ ತಲೆಬಾಗಿದನು. ಅವನು ಜೀವಮಾನವಿಡೀ ದಿನಚರಿ ಬರೆದವನು. ಕೊಲ್ಲಿಸಿದ ಶ್ರದ್ಧೆಯೂ ನಿಲ್ಲಿಸಿದ ಶ್ರದ್ಧೆಯೂ ಒಂದೇ. ಸೇಲಂನ ಇನ್ನೊಬ್ಬ ನ್ಯಾಯಾಧೀಶ ಜಾನ್ ಹಾಥಾರ್ನ್. ಅವನ ವಂಶದ ನಥಾನಿಯಲ್ ಹಾಥಾರ್ನ್ ಆ ಪಿತೃಋಣದ ಭಾರದಲ್ಲಿ 1850ರಲ್ಲಿ 'ದಿ ಸ್ಕಾರ್ಲೆಟ್ ಲೆಟರ್' ಬರೆದನು. ಆರ್ಥರ್ ಮಿಲ್ಲರ್ 1953ರಲ್ಲಿ 'ದಿ ಕ್ರೂಸಿಬಲ್' ನಾಟಕದಲ್ಲಿ ತನ್ನ ಕಾಲದ ಕಮ್ಯುನಿಸ್ಟ್ ಬೇಟೆಯನ್ನು ಸೇಲಂನ ಕನ್ನಡಿಯಲ್ಲಿ ತೋರಿಸಿದನು. ಹಾಥಾರ್ನ್ ಪ್ಯೂರಿಟನ್ನರನ್ನು ಖಂಡಿಸುವ ಕಾದಂಬರಿ ಬರೆದನೆಂದು ಸಾಮಾನ್ಯವಾಗಿ ಪಾಠ ಹೇಳುತ್ತಾರೆ. ಮನಸ್ಸಿನ ಮೂಲೆಮೂಲೆಯನ್ನು ಕೆದಕುವ ಅವನ ವಿಧಾನ ಮಾತ್ರ ಪೂರ್ತಿ ಪ್ಯೂರಿಟನ್ನರದು.

ಅದೇ ನೆಲದಲ್ಲಿ ಆನ್ ಬ್ರಾಡ್‌ಸ್ಟ್ರೀಟ್ ಇದ್ದಳು. ಹದಿಹರೆಯದಲ್ಲಿ ಗಂಡನೊಡನೆ ಸಮುದ್ರ ದಾಟಿದವಳು, ಎಂಟು ಮಕ್ಕಳ ತಾಯಿ. 1650ರಲ್ಲಿ ಲಂಡನ್ನಿನಲ್ಲಿ ಅವಳ ಕವನಸಂಕಲನ ಅಚ್ಚಾಯಿತು. ಗಂಡನನ್ನು ಕುರಿತು ಅವಳು ಬರೆದ ಪ್ರೇಮಕವಿತೆಗಳಲ್ಲಿ ಸಂಕೋಚವಿಲ್ಲ. 1666ರಲ್ಲಿ ಮನೆ ಸುಟ್ಟುಹೋದಾಗ ಅವಳು ಒಂದು ಕವಿತೆ ಬರೆದಳು: ಕೊಟ್ಟವನೇ ತೆಗೆದುಕೊಂಡ ಎಂದು ಒಪ್ಪಿದ ಮೇಲೂ, ಬೂದಿಯ ಪಕ್ಕದಲ್ಲಿ ಹಾದುಹೋಗುವಾಗ ಪೆಟ್ಟಿಗೆ ಎಲ್ಲಿತ್ತು, ಮೇಜು ಎಲ್ಲಿತ್ತು ಎಂದು ಅವಳ ಕಣ್ಣು ಹುಡುಕುತ್ತದೆ. ಒಪ್ಪುವ ಬುದ್ಧಿಗೂ ಒಪ್ಪದ ಮನಸ್ಸಿಗೂ ನಡುವಿನ ಆ ಕ್ಷಣವನ್ನು ಮುಚ್ಚಿಡದೆ ಬರೆಯುವುದನ್ನು ಅವಳಿಗೆ ಕಲಿಸಿದ್ದು ಅವಳ ಮತವೇ.

6

1649ರಲ್ಲಿ ಅರಸ ಚಾರ್ಲ್ಸನ ತಲೆ ಉರುಳಿತು. 1660ರಲ್ಲಿ ಅವನ ಮಗ ಸಿಂಹಾಸನಕ್ಕೆ ಮರಳಿದನು. 1662ರ ಏಕರೂಪತಾ ಕಾಯಿದೆಗೆ ಒಪ್ಪದ ಸುಮಾರು ಎರಡು ಸಾವಿರ ಪಾದ್ರಿಗಳು ಸ್ಥಾನ ಕಳೆದುಕೊಂಡರು. ಪ್ಯೂರಿಟನ್ ಸಾಹಿತ್ಯದ ಶ್ರೇಷ್ಠ ಕೃತಿಗಳು ಅಧಿಕಾರದ ಕಾಲದಲ್ಲಿ ಬರಲಿಲ್ಲ, ಸೋತಮೇಲೆ ಬಂದವು. ಆಳುವಾಗ ಅವರು ಕಾಯಿದೆ ಬರೆದರು. 1647ರಲ್ಲಿ ಕ್ರಿಸ್ಮಸ್ಸನ್ನೂ ರದ್ದುಮಾಡಿದರು.

ಜಾನ್ ಬನಿಯನ್ ಬೆಡ್‌ಫರ್ಡ್ ಬಳಿಯ ಹಳ್ಳಿಯವನು, ಊರೂರು ಸುತ್ತಿ ಪಾತ್ರೆಗಳ ತೂತು ಮುಚ್ಚುವ ಕಸುಬಿನವನು. ಪರವಾನಗಿಯಿಲ್ಲದೆ ಉಪದೇಶ ಮಾಡಿದ್ದಕ್ಕೆ 1660ರ ನವೆಂಬರಿನಲ್ಲಿ ಬಂಧಿತನಾದನು. ಇನ್ನು ಮುಂದೆ ಉಪದೇಶ ಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು. ಅವನು ಕೊಡಲಿಲ್ಲ, ಹನ್ನೆರಡು ವರ್ಷ ಸೆರೆಯಲ್ಲಿದ್ದನು. ಹೊರಗೆ ಹೆಂಡತಿ ಎಲಿಜಬೆತ್ ನ್ಯಾಯಾಧೀಶರ ಮುಂದೆ ನಿಂತು ವಾದಿಸಿ ಸೋತಳು. ನಾಲ್ಕು ಮಕ್ಕಳಲ್ಲಿ ಹಿರಿಯಳು ಹುಟ್ಟುಗುರುಡಿ. ಅವನು ಸೆರೆಯೊಳಗೆ ಕುಳಿತು ಬೂಟಿನ ದಾರಗಳಿಗೆ ಲೋಹದ ತುದಿ ಹಾಕಿ ಸಂಸಾರಕ್ಕೆ ಕಾಸು ಕಳಿಸುತ್ತಿದ್ದನು. ಕುರುಡು ಮಗಳ ನೆನಪು ಮೈಯಿಂದ ಮಾಂಸ ಕೀಳುವಂತಿತ್ತೆಂದು 1666ರ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಮನಸ್ಸಾಕ್ಷಿ ಎಂಬ ಮಾತಿಗೆ ಬೆಲೆ ಎಷ್ಟೆಂದು ಅವನು ದಿನವೂ ಲೆಕ್ಕ ಹಾಕಿದವನು. ಬೆಲೆಯನ್ನು ತಾನೊಬ್ಬನೇ ತೆರುತ್ತಿಲ್ಲವೆಂಬುದೂ ಅವನಿಗೆ ಗೊತ್ತಿತ್ತು.

'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' 1678ರಲ್ಲಿ ಹೊರಬಂದಿತು. ಬೆನ್ನ ಮೇಲೆ ಹೊರೆ ಹೊತ್ತ ಮನುಷ್ಯ, ಕೈಯಲ್ಲಿ ಒಂದು ಪುಸ್ತಕ, ನಾಶವಾಗಲಿರುವ ಊರಿನಿಂದ ಓಟ. ದಾರಿಯಲ್ಲಿ ಕೆಸರು, ಬೆಟ್ಟ, ಸಂದೇಹದ ಕೋಟೆ, ಮಾಯಾಜಾತ್ರೆ. ಆ ಜಾತ್ರೆಯಲ್ಲಿ ಯಾತ್ರಿಕನ ಒಡನಾಡಿಯನ್ನು ವಿಚಾರಣೆಗೆ ಗುರಿಮಾಡಿ ಕೊಲ್ಲುವ ದೃಶ್ಯವನ್ನು ಓದುವಾಗ, ಆ ನ್ಯಾಯಾಲಯದ ಗತ್ತು, ಜ್ಯೂರಿಗಳ ಗುಸುಗುಸು, ಸಾಕ್ಷಿಗಳ ಸುಳ್ಳು ಎಲ್ಲವೂ ಕಂಡು ಬರೆದದ್ದೆಂದು ತಿಳಿಯುತ್ತದೆ. ಕಥೆಯೆಂದರೆ ಸುಳ್ಳಲ್ಲವೆ, ಸತ್ಯವನ್ನು ರೂಪಕದಲ್ಲಿ ಮುಚ್ಚಬಹುದೆ ಎಂಬ ಆಕ್ಷೇಪಣೆಗೆ ಬನಿಯನ್ ಪುಸ್ತಕದ ಆರಂಭದ ಪದ್ಯದಲ್ಲಿಯೇ ಉತ್ತರ ಕೊಡುತ್ತಾನೆ: ಪ್ರವಾದಿಗಳೂ ಕ್ರಿಸ್ತನೂ ರೂಪಕದಲ್ಲಿಯೇ ಮಾತಾಡಿದರು. ಮುಂಬಾಗಿಲಿನಿಂದ ಹೊರಹಾಕಿದ ಕಲೆ ಬೈಬಲ್ಲಿನ ಕೈಹಿಡಿದು ಹಿತ್ತಲ ಬಾಗಿಲಿನಿಂದ ಒಳಬಂದಿತು.

ಮಿಲ್ಟನ್ ಬೇರೆ ಲೋಕದವನು, ಬಹುಭಾಷಾ ಪಂಡಿತ. 1644ರಲ್ಲಿ ತನ್ನ ಪಕ್ಷದ ಪಾರ್ಲಿಮೆಂಟೇ ತಂದ ಮುದ್ರಣ ಪರವಾನಗಿಯ ಆಜ್ಞೆಯನ್ನು 'ಏರಿಯೋಪೆಜಿಟಿಕ'ದಲ್ಲಿ ಎದುರಿಸಿದನು. 1652ರ ಹೊತ್ತಿಗೆ ಪೂರ್ತಿ ಕುರುಡನಾದನು. ರಾಜಪ್ರಭುತ್ವ ಮರಳಿದಾಗ ಅವನ ಪುಸ್ತಕಗಳನ್ನು ಸುಟ್ಟರು, ಅವನನ್ನು ಕೆಲಕಾಲ ಬಂಧಿಸಿದರು. 1667ರಲ್ಲಿ 'ಪ್ಯಾರಡೈಸ್ ಲಾಸ್ಟ್' ಪ್ರಕಟವಾಯಿತು. ಅದರ ಹಕ್ಕಿಗೆ ಮುಂಗಡವಾಗಿ ಬಂದದ್ದು ಐದು ಪೌಂಡು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಆರಂಭದಲ್ಲಿ ನಮಿಸುವ ಮಹಾಕವಿಗಳ ಸಾಲಿನಲ್ಲಿ ಮಿಲ್ಟನ್ನನೂ ಇರುವುದರಿಂದ ಕನ್ನಡ ಓದುಗರಿಗೆ ಅವನ ಘನತೆ ಅಪರಿಚಿತವಲ್ಲ. ಆದರೆ ಅವನ ಪ್ಯೂರಿಟನ್ ಸಂಕಟ ಹೆಚ್ಚು ತೀವ್ರವಾಗಿ ಕಾಣುವುದು 1671ರ 'ಪ್ಯಾರಡೈಸ್ ರಿಗೇನ್ಡ್' ಕೃತಿಯ ಕೊನೆಯ ಸರ್ಗದಲ್ಲಿ. ಸೈತಾನನು ಕ್ರಿಸ್ತನಿಗೆ ಅಥೆನ್ಸ್ ನಗರವನ್ನು, ಅದರ ತತ್ತ್ವಜ್ಞಾನವನ್ನು, ಅದರ ಕಾವ್ಯವನ್ನು ಆಮಿಷವಾಗಿ ಒಡ್ಡುತ್ತಾನೆ. ಕ್ರಿಸ್ತ ಅದನ್ನೆಲ್ಲ ತಿರಸ್ಕರಿಸಿ ಹೀಬ್ರೂ ಕೀರ್ತನೆಗಳೇ ಸಾಕೆನ್ನುತ್ತಾನೆ. ಅಥೆನ್ಸಿನ ವರ್ಣನೆಯಲ್ಲಿ ಮಿಲ್ಟನ್ನನ ಜೀವಮಾನದ ಪ್ರೀತಿಯೆಲ್ಲ ಇದೆ. ಅದನ್ನು ಬಿಡಿಸಿದ ಕೈಯೂ ಅವನದೇ. ಆ ಸಾಲುಗಳು ಕವಿಗೆ ಸುಲಭವಾಗಿ ಬಂದವೆಂದು ನಂಬುವುದು ಕಷ್ಟ.

7

1662ರಲ್ಲಿ ಹೊರಗುಳಿದವರ ವಂಶಸ್ಥರು ಭಿನ್ನಮತೀಯರೆಂದು, ಸ್ವತಂತ್ರ ಸಭೆಗಳವರೆಂದು ಇಂಗ್ಲೆಂಡಿನಲ್ಲಿ ಉಳಿದುಕೊಂಡರು. 1795ರಲ್ಲಿ ಸ್ಥಾಪಿತವಾದ ಲಂಡನ್ ಮಿಷನರಿ ಸೊಸೈಟಿಯಲ್ಲಿ ಪ್ರಾಧಾನ್ಯವಿದ್ದದ್ದು ಈ ಸಭೆಗಳವರಿಗೆ. ಆ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದನು. ಅವನೂ ಅವನ ಜೊತೆಯವರೂ ಕೈಗೊಂಡ ಕನ್ನಡ ಬೈಬಲ್ಲಿನ ಅನುವಾದ 1831ರ ಹೊತ್ತಿಗೆ ಸಂಪೂರ್ಣವಾಯಿತು. ಅವರಲ್ಲೊಬ್ಬನಾದ ವಿಲಿಯಂ ರೀವ್‌ನ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಬನಿಯನ್ನನ ಕೃತಿ ಆ ಶತಮಾನದ ಮಧ್ಯಭಾಗದಲ್ಲಿ 'ಯಾತ್ರಿಕನ ಸಂಚಾರ'ವಾಗಿ ಕನ್ನಡಕ್ಕೆ ಬಂದಿತು. ಹೊಸಗನ್ನಡ ಕಥನಗದ್ಯದ ಇತಿಹಾಸಕಾರರು ಅದನ್ನು ಹೆಸರಿಸುವುದುಂಟು, ಅದರ ಹಿಂದಿನ ಬೆಡ್‌ಫರ್ಡ್ ಸೆರೆಮನೆಯನ್ನು ಹೆಸರಿಸುವುದು ಕಡಮೆ.

ಬೈಬಲ್ಲಿನ ಕನ್ನಡ ಅನುವಾದ ಮುಂದೆ ಹಲವು ಕೈಗಳಲ್ಲಿ ಪರಿಷ್ಕಾರಗೊಂಡಿತು. ಟಿಂಡೇಲನನ್ನು ಬಲಿ ತೆಗೆದುಕೊಂಡ ಆ ಹಳೆಯ ಶಬ್ದಗಳ ಜಗಳ ಪ್ರತಿ ಪರಿಷ್ಕಾರದಲ್ಲಿಯೂ ಅನುವಾದಕರ ಮುಂದೆ ಇದ್ದೇ ಇದ್ದಿರಬೇಕು. ಪ್ರಾಟೆಸ್ಟಂಟರು ಓದುವ ಕನ್ನಡ 'ಸತ್ಯವೇದ'ವನ್ನು ಇಂದು ತೆರೆದು ನೋಡಿದರೆ, 'ಎಕ್ಲೇಸಿಯ' ಎಂಬಲ್ಲಿ 'ಸಭೆ' ಎಂದಿದೆ, 'ಪ್ರೆಸ್ಬುಟೆರೋಸ್' ಎಂಬಲ್ಲಿ 'ಹಿರಿಯರು' ಎಂದಿದೆ, 'ಅಗಾಪೆ' ಎಂಬಲ್ಲಿ 'ಪ್ರೀತಿ' ಎಂದಿದೆ.